ನಾಯಿಗೊಂದು ಕೊರಳಪಟ್ಟಿ

ಆರು ಸೆಕೆಂಡು. ಹದಿನೈದು ದಿನ ರಾತ್ರಿ ಕೂತು ಚಿತ್ರ ಬರೆದ ಮೇಲೆ ನನ್ನ ಹತ್ತಿರ ಇದ್ದದ್ದು ಅಷ್ಟೇ. ಒಂದು ನಾಯಿ ಎದ್ದು ನಿಲ್ಲುತ್ತದೆ, ಮೈ ಕೊಡವುತ್ತದೆ, ಗೋಡೆಯ ಮೇಲಿನ ಕಾಗೆಯ ಕಡೆ ತಿರುಗಿ ನೋಡುತ್ತದೆ. ಇದಕ್ಕೆ 72 ಹಾಳೆ ಆಗಿತ್ತು. ಕಾಗೆ ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ.

ಲೆಕ್ಕ ಸುಲಭ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದರ ಹಿಂದೊಂದು 24 ಫೋಟೊ. ಕೈಯಲ್ಲಿ ಕಾರ್ಟೂನ್ ಮಾಡುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720. ಎರಡು ಪಾತ್ರ ಇದ್ದರೆ ಅದರ ಎರಡರಷ್ಟು. ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಒಂದು ನಿಮಿಷದ ಕಾರ್ಟೂನ್ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೆ. ಉಳಿದಿದ್ದು ಎರಡೂವರೆ ತಿಂಗಳು. ನನ್ನ ವೇಗದಲ್ಲಿ ನಾಯಿಯೊಂದಕ್ಕೇ ಐದು ತಿಂಗಳು ಬೇಕಿತ್ತು.

ಆ ಹೊತ್ತಿಗೆ ನಾನು ಓದತೊಡಗಿದ್ದು ಹ್ಯಾನಾ-ಬಾರ್ಬೆರಾ ಸ್ಟುಡಿಯೊದ ಚರಿತ್ರೆ. ಚಿಕ್ಕವನಿದ್ದಾಗ ಟಿವಿ ಮುಂದೆ ಕೂತು ನೋಡಿದ ಸ್ಕೂಬಿ-ಡೂ, ಫ್ಲಿಂಟ್‌ಸ್ಟೋನ್ಸ್, ಯೋಗಿ ಕರಡಿ ಎಲ್ಲ ಅಲ್ಲಿಂದಲೇ ಬಂದದ್ದು. ಖುಷಿಗೆ ಅಂತ ಓದಲು ಶುರು ಮಾಡಿದೆ. ಎರಡನೇ ದಿನಕ್ಕೆ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಒಬ್ಬ ಮೇಸ್ತ್ರಿ ಹತ್ತಿರ ಕೆಲಸ ಕಲಿಯುವವನ ಹಾಗೆ ಓದುತ್ತಿದ್ದೆ. ಯಾಕಂದ್ರೆ ನನ್ನ ಕಷ್ಟವೇ 1957ರಲ್ಲಿ ಅವರಿಗೂ ಬಂದಿತ್ತು.

ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಇಬ್ಬರೂ ಅಮೆರಿಕದ ಎಂಜಿಎಂ ಸಿನಿಮಾ ಕಂಪನಿಯಲ್ಲಿ ಟಾಮ್ ಅಂಡ್ ಜೆರ್ರಿ ಮಾಡುತ್ತಿದ್ದವರು. 1940ರಿಂದ ಅದೇ ಕೆಲಸ. ಏಳು ಆಸ್ಕರ್ ಬಂದಿತ್ತು. ಆದರೂ 1957ರಲ್ಲಿ ಆ ಕಾರ್ಟೂನ್ ವಿಭಾಗವನ್ನೇ ಮುಚ್ಚಿದರು. ಹಳೆಯ ಕಾರ್ಟೂನ್‌ಗಳನ್ನೇ ಮತ್ತೆ ಥಿಯೇಟರಿಗೆ ಬಿಟ್ಟರೆ ಹೊಸದು ಮಾಡಿದಾಗ ಬರುವಷ್ಟೇ ದುಡ್ಡು ಹೆಚ್ಚುಕಡಿಮೆ ಬರುತ್ತೆ, ಮತ್ತೆ ಹೊಸದು ಯಾಕೆ ಅನ್ನೋದು ಲೆಕ್ಕದವರ ಮಾತು. ಇಬ್ಬರೂ ಸೇರಿ ಸ್ವಂತ ಕಂಪನಿ ತೆರೆದರು. ಯಾರ ಹೆಸರು ಮೊದಲು ಬರಬೇಕು ಅನ್ನೋದಕ್ಕೆ ನಾಣ್ಯ ಚಿಮ್ಮಿದರು. ಹ್ಯಾನಾ ಗೆದ್ದರು.

ಉಳಿದ ದಾರಿ ಟಿವಿ ಒಂದೇ. ಆದರೆ ಟಿವಿಯವರ ಹತ್ತಿರ ದುಡ್ಡಿಲ್ಲ. ಟಾಮ್ ಅಂಡ್ ಜೆರ್ರಿಯ ಏಳು ನಿಮಿಷದ ಒಂದು ಕಂತಿಗೆ ಹತ್ತಾರು ಸಾವಿರ ಡಾಲರ್ ಹಿಡಿಯುತ್ತಿತ್ತು. ಟಿವಿಯಲ್ಲಿ ಐದು ನಿಮಿಷಕ್ಕೆ ಸಿಕ್ಕಿದ್ದು ಸುಮಾರು 3,000 ಡಾಲರ್. ಆ ದುಡ್ಡಿನಲ್ಲಿ ಹಳೆಯ ರೀತಿ ಮಾಡೋಕೆ ಆಗಲ್ಲ. ಹಾಗಂತ ಬಿಟ್ಟು ಹೋಗೋಕೂ ಆಗಲ್ಲ. ಅವರನ್ನೇ ನಂಬಿಕೊಂಡ ಕಲಾವಿದರಿದ್ದರು.

ಅವರಿಗೆ ದಾರಿ ತೋರಿಸಿದ್ದು ಅವರದೇ ಹಳೆಯ ಅಭ್ಯಾಸ. ಎಂಜಿಎಂನಲ್ಲಿ ಪೂರ್ತಿ ಚಿತ್ರ ಬರೆಸುವ ಮುಂಚೆ ಮುಖ್ಯ ಭಂಗಿಗಳನ್ನಷ್ಟೇ ಬರೆದು, ಸರಿಯಾದ ಹೊತ್ತಿಗೆ ಹೊಂದಿಸಿ ಒಂದು ಕಚ್ಚಾ ರೀಲ್ ಮಾಡುತ್ತಿದ್ದರು. ಟೈಮಿಂಗ್ ಸರಿ ಇದೆಯಾ ಅಂತ ನೋಡೋಕೆ. ಆ ಕಚ್ಚಾ ರೀಲ್ ಆಗಲೇ ಚೆನ್ನಾಗಿ ಓಡುತ್ತಿತ್ತು. ಕಥೆ ಅರ್ಥ ಆಗುತ್ತಿತ್ತು, ನಗು ಬರುತ್ತಿತ್ತು. ಹಾಗಾದರೆ ನಡುವಿನ ಸಾವಿರಾರು ಚಿತ್ರಗಳಲ್ಲಿ ನಿಜವಾಗಿ ಬೇಕಾದವು ಎಷ್ಟು? ಆ ಪ್ರಶ್ನೆಯ ಮೇಲೇ ಇಡೀ ಸ್ಟುಡಿಯೊ ಎದ್ದು ನಿಂತಿತು.

ನಾನೂ 72 ಹಾಳೆಯನ್ನು ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದೆ.

ಕಥೆ ಇಷ್ಟೇ. ನಾಯಿ ತಾನು ಹೂತಿಟ್ಟ ಮೂಳೆ ಎಲ್ಲಿ ಅಂತ ಮರೆತಿದೆ. ಗೋಡೆ ಮೇಲಿನ ಕಾಗೆ ಎಲ್ಲ ನೋಡಿದೆ, ಆದರೆ ಸುಮ್ನೆ ಹೇಳಲ್ಲ. ಮುಖ್ಯ ಭಂಗಿಗಳು ಅಂತ 19 ಚಿತ್ರ ಬರೆದೆ. ಮೊಬೈಲಿನಲ್ಲಿ ಫೋಟೊ ತೆಗೆದು ಸಾಲಾಗಿ ಜೋಡಿಸಿದೆ. ಎರಡು ಸಂಜೆಯ ಕೆಲಸ. ಕತ್ತಲೆಯಲ್ಲಿ ಒಬ್ಬನೇ ಕೂತು ನೋಡಿದಾಗ ಕಾಗೆ ತಲೆ ವಾಲಿಸುವ ಜಾಗದಲ್ಲಿ ನನಗೇ ನಗು ಬಂತು. ಹದಿನೈದು ದಿನದ ಆರು ಸೆಕೆಂಡಿನಲ್ಲಿ ಒಂದು ಸಲವೂ ನಗು ಬಂದಿರಲಿಲ್ಲ.

ಮುಂದಿನ ಕೆಲಸ ಧ್ವನಿ. ಈ ರೀತಿಯ ಕಾರ್ಟೂನಿನಲ್ಲಿ ಮೊದಲು ಮಾತು, ಆಮೇಲೆ ಚಿತ್ರ. ಪಾತ್ರ ಜಾಸ್ತಿ ಅಲ್ಲಾಡುವುದಿಲ್ಲ, ಹಾಗಾಗಿ ಅದನ್ನು ಬದುಕಿಸುವ ಭಾರ ಎಲ್ಲ ದನಿಯ ಮೇಲೆ. ಸ್ಟುಡಿಯೊದ ಮೊದಲ ಸರಣಿ ರಫ್ ಅಂಡ್ ರೆಡ್ಡಿ. 1957ರ ಡಿಸೆಂಬರಿನಲ್ಲಿ ಎನ್‌ಬಿಸಿ ಟಿವಿಯಲ್ಲಿ ಬಂತು. ಬೆಕ್ಕಿಗೆ ಡಾನ್ ಮೆಸಿಕ್, ನಾಯಿಗೆ ಡಾಸ್ ಬಟ್ಲರ್. ಮುಂದಿನ ವರ್ಷ ಹಕಲ್‌ಬೆರಿ ಹೌಂಡ್ ಅನ್ನೋ ನಾಯಿಯ ಸರಣಿ ಶುರುವಾದಾಗ ಹಕಲ್‌ಬೆರಿಯೂ ಬಟ್ಲರ್, ಯೋಗಿ ಕರಡಿಯೂ ಬಟ್ಲರ್. ಯೋಗಿಯ ಜೊತೆಗಾರ ಬೂ-ಬೂ ಮೆಸಿಕ್. ಹತ್ತು ವರ್ಷದ ಮೇಲೆ ಸ್ಕೂಬಿಯೂ ಅದೇ ಮೆಸಿಕ್. ಇಬ್ಬರ ಗಂಟಲಿನಲ್ಲಿ ಅದೆಷ್ಟು ಪ್ರಾಣಿಗಳು ಬದುಕಿದ್ದವು ಅಂತ ಎಣಿಸುತ್ತಾ ಹೋದರೆ ಆಶ್ಚರ್ಯ ಆಗುತ್ತದೆ.

ನನ್ನ ನಾಯಿಗೆ ಅಕ್ಕನ ಮಗಳನ್ನೇ ಕೇಳಿದೆ. ಉಡುಗೊರೆ ಗುಟ್ಟಾಗಿ ಉಳಿಯಲಿಲ್ಲ, ಆದರೆ ಅವಳ ದನಿಯಷ್ಟು ಸರಿಯಾದ ದನಿ ಬೇರೆ ಇರಲಿಲ್ಲ. ಕಾಗೆಗೆ ಅಕ್ಕ. ಸಾಲು ಓದಿಸಲು ಹೊರಟರೆ ಒಂಬತ್ತು ವರ್ಷದ ಹುಡುಗಿ ಹಾಳೆ ಕೆಳಗಿಟ್ಟು ಕೇಳಿದಳು: "ಮಾಮ, ನಾಯಿಗೆ ನಿಜವಾಗ್ಲೂ ಮರೆತಿದ್ಯಾ, ಇಲ್ಲ ನಾಟಕ ಆಡ್ತಿದ್ಯಾ? ಅದು ಗೊತ್ತಿಲ್ದೆ ಹೇಗೆ ಹೇಳ್ಲಿ?"

"ನಿಜವಾಗ್ಲೂ ಮರೆತಿದೆ ಪುಟ್ಟಿ."

"ಹಾಗಾದ್ರೆ ಅಳು ಬರೋ ಥರ ಹೇಳ್ತೀನಿ."

ಅಕ್ಕ ಪಕ್ಕದಿಂದ, "ಜಾಸ್ತಿ ಅಳಬೇಡ ಕಣೆ, ಕಾಗೆಗೆ ಪಾಪ ಅನ್ನಿಸಿಬಿಟ್ರೆ ಕಥೆ ಮುಗಿದೇ ಹೋಗುತ್ತೆ" ಅಂದಳು. ನನಗಿಂತ ಚೆನ್ನಾಗಿ ಅವರಿಬ್ಬರಿಗೇ ಕಥೆ ಅರ್ಥವಾಗಿತ್ತು. ಒಂಬತ್ತು ಸಲ ರೆಕಾರ್ಡ್ ಮಾಡಿ ನಾಲ್ಕನೆಯದನ್ನು ಇಟ್ಟುಕೊಂಡೆ.

ಇನ್ನು ಮುಂದಿನದು ತಾಳ್ಮೆಯ ಕೆಲಸ. ರೆಕಾರ್ಡ್ ಆದ ಮಾತನ್ನು ಫ್ರೇಮ್ ಫ್ರೇಮ್ ಆಗಿ ಕೇಳಿ, ಯಾವ ಫ್ರೇಮಿನಲ್ಲಿ ಯಾವ ಅಕ್ಷರ ಇದೆ ಅಂತ ಎಕ್ಸ್‌ಪೋಷರ್ ಶೀಟಿನಲ್ಲಿ ಬರೆಯಬೇಕು. ಉದ್ದನೆಯ ಹಾಳೆ. ಒಂದು ಸಾಲಿಗೆ ಒಂದು ಫ್ರೇಮ್. ಅಡ್ಡಕ್ಕೆ ಕಾಲಮ್‌ಗಳು: ಮಾತು, ಮೈ, ತಲೆ, ಬಾಯಿ, ಹಿನ್ನೆಲೆ, ಕ್ಯಾಮೆರಾ. 58 ಸೆಕೆಂಡಿಗೆ 1,392 ಸಾಲು. ಇದು ಇಲ್ಲದೆ ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡೋದು ಯಾರಿಂದಲೂ ಆಗುತ್ತಿರಲಿಲ್ಲ. ಒಬ್ಬರು ಬರೆದ ಚಿತ್ರ, ಇನ್ನೊಬ್ಬರು ತುಂಬಿದ ಬಣ್ಣ, ಮತ್ತೊಬ್ಬರು ತೆಗೆದ ಫೋಟೊ, ಎಲ್ಲ ಬಂದು ಸೇರುವುದು ಈ ಹಾಳೆಯಲ್ಲೇ.

ಬಾಯಿಗೆ ಆರು ಆಕಾರ ಸಾಕು ಅಂತ ತೀರ್ಮಾನಿಸಿದೆ. ಅಗಲಕ್ಕೆ ತೆರೆದ 'ಆ', ಹಲ್ಲು ಕಾಣುವ 'ಈ', ನಡುವಿನ 'ಎ', ದುಂಡಗಿನ 'ಓ', ತುಟಿ ಮುಂದೆ ಬಂದ 'ಊ', ತುಟಿ ಮುಚ್ಚಿದ 'ಮ'. ಕನ್ನಡಕ್ಕೆ ಇದು ಹೇಗೆ ಹೊಂದುತ್ತೆ ಅಂತ ಮಾಡಿ ನೋಡಿಯೇ ಗೊತ್ತಾಗಬೇಕಿತ್ತು. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ ಅಲ್ವಾ? ಹಾಗಾಗಿ ಪ್ರತಿ ಮಾತಿನ ಕೊನೆಗೂ ಬಾಯಿ ತೆರೆದೇ ಇರುತ್ತದೆ. ಮಾತು ನಿಂತ ಮೇಲೆ ಬೇಕಂತಲೇ ಮುಚ್ಚಬೇಕು. ಮರೆತರೆ ನಾಯಿ ಬಾಯಿ ಬಿಟ್ಟುಕೊಂಡೇ ನಿಂತಿರುತ್ತದೆ.

ಒಂದು ಸಾಲು ಮಾತ್ರ ತುಂಬ ಕಾಡಿತು. "ಎಲ್ಲಿಟ್ಟೆ ಅಂತ ಮರೆತೇ ಹೋಯ್ತಪ್ಪಾ." ಎಲ್ಲ ಕಡೆ ಮಾಡಿದ ಹಾಗೆ 'ಪ್ಪ' ಬಂದಲ್ಲಿ ಬಾಯಿಯನ್ನು ಎರಡು ಫ್ರೇಮ್ ಮುಚ್ಚಿದೆ. ಕಿವಿಗೆ 'ಹೋಯ್ತಪ್ಪಾ' ಕೇಳುತ್ತಿದೆ, ಕಣ್ಣಿಗೆ 'ಹೋಯ್ತಪಾ' ಕಾಣುತ್ತಿದೆ. ಏನೋ ತಪ್ಪಿದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗಲ್ಲ. ಕೊನೆಗೆ ಕನ್ನಡಿ ಮುಂದೆ ನಿಂತು ಹತ್ತು ಸಲ ಅದೇ ಸಾಲು ಹೇಳಿದೆ. ಒತ್ತಕ್ಷರಕ್ಕೆ ತುಟಿ ಮುಚ್ಚಿದ್ದು ಒಂದು ಗಳಿಗೆ ಹಾಗೇ ನಿಲ್ಲುತ್ತದೆ. ಎರಡರ ಬದಲು ನಾಲ್ಕು ಫ್ರೇಮ್ ಮುಚ್ಚಿದೆ. ಸರಿಯಾಯ್ತು. ಹೆಚ್ಚಿಸಿದ್ದು ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಅಷ್ಟಕ್ಕೇ ನಾಯಿ ಕನ್ನಡ ಮಾತಾಡಿತು.

ಈಗ ಹಾಳೆಗಳ ವಿಷಯ. ಆ ಕಾಲದಲ್ಲಿ ಚಿತ್ರವನ್ನು ಪಾರದರ್ಶಕ ಸೆಲ್ ಹಾಳೆಯ ಮೇಲೆ ತರುತ್ತಿದ್ದರು. ಮುಂಭಾಗದಲ್ಲಿ ಶಾಯಿಯ ಗೆರೆ, ಹಿಂಭಾಗದಲ್ಲಿ ಬಣ್ಣ. ಹ್ಯಾನಾ-ಬಾರ್ಬೆರಾದವರು ಪಾತ್ರವನ್ನು ತುಂಡು ಮಾಡಿ ಬೇರೆ ಬೇರೆ ಸೆಲ್‌ಗೆ ಹಾಕಿದರು. ಮೈ ಒಂದರ ಮೇಲೆ, ತಲೆ ಒಂದರ ಮೇಲೆ, ಬಾಯಿ ಇನ್ನೊಂದರ ಮೇಲೆ. ಮೈ ಹಾಗೇ ಇರುತ್ತದೆ, ತಲೆಯ ಹಾಳೆ ಮಾತ್ರ ಬದಲಾಗುತ್ತದೆ. ತಲೆಯೂ ನಿಂತಿದ್ದರೆ ಬಾಯಿ ಮಾತ್ರ.

ನಾನು ಓಎಚ್‌ಪಿ ಶೀಟ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದು, ಎರಡು ತೂತು ಹೊಡೆದು, ರಟ್ಟಿಗೆ ಅಂಟಿಸಿದ ಎರಡು ಮರದ ಗೂಟಕ್ಕೆ ಸಿಕ್ಕಿಸಿದೆ. ಮೊದಲ ಪರೀಕ್ಷೆಯಲ್ಲೇ ನಾಯಿಯ ಕುತ್ತಿಗೆ ನಡುಗುತ್ತಿತ್ತು. ತಲೆಯ ಗೆರೆ ಮತ್ತು ಮೈಯ ಗೆರೆ ಸೇರುವ ಜಾಗದಲ್ಲಿ ಪ್ರತಿ ಸಲವೂ ಕೂದಲೆಳೆಯಷ್ಟು ವ್ಯತ್ಯಾಸ. ಅಷ್ಟು ಸಾಕು, ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ.

ಯೋಗಿ ಕರಡಿಯನ್ನು ನೆನಪು ಮಾಡಿಕೊಳ್ಳಿ. ಮೈಮೇಲೆ ಅಂಗಿ ಇಲ್ಲ, ಕುತ್ತಿಗೆಗೆ ಮಾತ್ರ ಕಾಲರ್ ಮತ್ತು ಟೈ. ಹಕಲ್‌ಬೆರಿಗೆ ಬೋ ಟೈ. ಚಿಕ್ಕವನಿದ್ದಾಗ ಅದೆಲ್ಲ ಅಲಂಕಾರ ಅಂದುಕೊಂಡಿದ್ದೆ. ಅದು ಹೊಲಿಗೆ ಮುಚ್ಚುವ ಪಟ್ಟಿ. ತಲೆಯ ಹಾಳೆ ಎಲ್ಲಿ ಮುಗಿದು ಮೈಯ ಹಾಳೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಸರಿಯಾಗಿ ಕೂರುತ್ತದೆ. ಆ ಕಾಲದ ಎಷ್ಟೋ ಪಾತ್ರಗಳನ್ನು ರೂಪಿಸಿದವರು ಎಡ್ ಬೆನೆಡಿಕ್ಟ್. ದಪ್ಪ ಗೆರೆ, ಚಪ್ಪಟೆ ಆಕಾರ, ಚಿಕ್ಕ ಕಪ್ಪು-ಬಿಳುಪು ಟಿವಿಯಲ್ಲೂ ಸ್ಪಷ್ಟವಾಗಿ ಕಾಣುವ ಹಾಗೆ. ಒಂದು ಕೊರತೆಯನ್ನು ಪಾತ್ರದ ಗುರುತಾಗಿ ಮಾಡಿದ ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಟೈ ಕಟ್ಟಿದ ತಕ್ಷಣ ಕರಡಿ ಕಾಡಿನದ್ದಾಗಿ ಉಳಿಯಲ್ಲ, ನಮ್ಮ ನಡುವಿನ ಯಾರೋ ಒಬ್ಬ ಆಗಿಬಿಡುತ್ತಾನೆ.

ನನ್ನ ನಾಯಿಗೂ ಅಗಲವಾದ ಕೆಂಪು ಕೊರಳಪಟ್ಟಿ ಹಾಕಿದೆ. ನಡುಕ ಮಾಯ. ಅಕ್ಕನ ಮಗಳಿಗೆ ತೋರಿಸಿದಾಗ ಅವಳು ಸ್ವಲ್ಪ ಹೊತ್ತು ನೋಡಿ ಅಂದಳು: "ಮುಂಚೆ ಇದು ಬೀದಿ ನಾಯಿ. ಈಗ ಯಾರ ಮನೇದೋ ಆಯ್ತು. ಹಾಗಾದ್ರೆ ಇದಕ್ಕೊಂದು ಹೆಸರಿರ್ಬೇಕು." ಕುತ್ತಿಗೆಯ ಗೆರೆ ಮುಚ್ಚಲು ಹಾಕಿದ ಪಟ್ಟಿ ಕಥೆಯನ್ನೇ ಸ್ವಲ್ಪ ಬದಲಿಸಿತು. ಕೊನೆಯ ದೃಶ್ಯದಲ್ಲಿ ಕಾಗೆ ನಾಯಿಯನ್ನು ಹೆಸರು ಹಿಡಿದು ಕರೆಯುವುದು ಆಮೇಲೆ ಸೇರಿದ್ದು.

ಬಣ್ಣದಲ್ಲಿ ಇನ್ನೊಂದು ಪಾಠ. ಪಾರದರ್ಶಕ ಅಂದರೂ ಹಾಳೆ ಪೂರ್ತಿ ತಿಳಿಯಾಗಿರಲ್ಲ. ಒಂದರ ಮೇಲೊಂದು ಇಟ್ಟಾಗ ಕೆಳಗಿನದರ ಬಣ್ಣ ತುಸು ಮಂಕಾಗುತ್ತದೆ. ಒಂದು ದೃಶ್ಯದಲ್ಲಿ ಕಾಗೆಯ ತಲೆಯನ್ನು ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಹಾಕಿದ್ದೆ. ಕೊರಳಿನ ಬೂದು ಬಣ್ಣ ಬೇರೆಯೇ ಕಾಣಿಸಿತು. ಸೆಲ್ ಕಾಲದ ಸ್ಟುಡಿಯೊಗಳಲ್ಲಿ ಇದಕ್ಕಾಗಿಯೇ ಒಂದೇ ಬಣ್ಣದ ಹಲವು ಛಾಯೆಗಳಿರುತ್ತಿದ್ದವು. ಸೆಲ್ ಯಾವ ಪದರಕ್ಕೆ ಹೋಗುತ್ತದೆ ಅಂತ ನೋಡಿ ಛಾಯೆ ಆರಿಸಬೇಕು. ಶಾಯಿ ಮತ್ತು ಬಣ್ಣದ ಆ ವಿಭಾಗದಲ್ಲಿ ಕೂತು ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲಿ ಬಹಳ ಜನರ ಹೆಸರು ತೆರೆಯ ಮೇಲೆ ಬರಲೇ ಇಲ್ಲ. ನಾನು ಹದಿನಾಲ್ಕು ಹಾಳೆಗೆ ಬಣ್ಣ ಹಚ್ಚುವಷ್ಟರಲ್ಲಿ ಕೈ ಮರಗಟ್ಟಿತ್ತು. ಫ್ಲಿಂಟ್‌ಸ್ಟೋನ್ಸ್ 1960ರಿಂದ 1966ರವರೆಗೆ 166 ಕಂತು ಬಂತು. ಅದರ ಹಿಂದೆ ಎಷ್ಟು ಕೈಗಳಿದ್ದವು ಅನ್ನೋದು ಆವತ್ತು ರಾತ್ರಿ ನನಗೆ ಅರ್ಥವಾಯ್ತು.

ನಡಿಗೆ ಸಲೀಸಾಗಿ ಮುಗಿಯಿತು. ಎಂಟು ಚಿತ್ರದ ಒಂದು ಆವರ್ತ, ಅದನ್ನೇ ತಿರುಗಿಸುತ್ತಾ ಹೋಗುವುದು, ಹಿನ್ನೆಲೆಯ ಉದ್ದ ಹಾಳೆಯನ್ನು ಹಿಂದಕ್ಕೆ ಎಳೆಯುವುದು. ಫ್ಲಿಂಟ್‌ಸ್ಟೋನ್ಸ್‌ನ ಫ್ರೆಡ್ ಮನೆಯೊಳಗೆ ಓಡುವಾಗ ಅದೇ ಕಿಟಕಿ, ಅದೇ ಮೇಜು ಮತ್ತೆ ಮತ್ತೆ ಹಿಂದೆ ಸರಿಯುತ್ತವಲ್ಲ, ಅದೇ ಉಪಾಯ. ಹಿನ್ನೆಲೆಯ ಎಡ ತುದಿ ಬಲ ತುದಿಗೆ ಸರಿಯಾಗಿ ಕೂಡಿದರೆ ಆಯಿತು.

ಇಷ್ಟೆಲ್ಲ ಆದ ಮೇಲೆ ಮೊದಲ ಇಪ್ಪತ್ತು ಸೆಕೆಂಡು ಜೋಡಿಸಿ ನೋಡಿದರೆ ಜೀವವೇ ಇರಲಿಲ್ಲ. ನಾಯಿ ಬೊಂಬೆಯ ಹಾಗೆ ನಿಂತಿತ್ತು, ಬಾಯಿ ಮಾತ್ರ ಪಟಪಟ ಆಡುತ್ತಿತ್ತು. ಬಹಳ ಬೇಜಾರಾಯ್ತು. ಈ ರೀತಿಯ ಕೆಲಸವನ್ನು 'ಚಿತ್ರ ಹಾಕಿದ ರೇಡಿಯೊ' ಅಂತ ಟೀಕಿಸಿದವರು ಚಕ್ ಜೋನ್ಸ್, ಬಗ್ಸ್ ಬನ್ನಿಯ ಎಷ್ಟೋ ಒಳ್ಳೆಯ ಕಾರ್ಟೂನುಗಳನ್ನು ನಿರ್ದೇಶಿಸಿದ ದೊಡ್ಡ ಕಲಾವಿದ. ಅವತ್ತು ಅವರ ಮಾತೇ ಸರಿ ಅನ್ನಿಸಿತು.

ಮತ್ತೆ ಹಳೆಯ ಕಂತುಗಳನ್ನು ಹಾಕಿಕೊಂಡು ದನಿ ನಿಲ್ಲಿಸಿ ನೋಡಿದೆ. ಒಂದೊಂದೇ ಫ್ರೇಮ್. ಯೋಗಿ ನಿಂತಿರುವಾಗಲೂ ಸುಮ್ಮನೆ ನಿಂತಿರಲ್ಲ. ಮಾತಿನ ನಡುವೆ ಒಂದು ರೆಪ್ಪೆ ಬಡಿಯುತ್ತದೆ. ಒತ್ತಿ ಹೇಳುವ ಪದಕ್ಕೆ ತಲೆ ಒಂದೇ ಸಲ ಕೆಳಗಿಳಿದು ಮೇಲೆ ಬರುತ್ತದೆ. ಭಂಗಿ ಬದಲಾಗುವುದು ಯೋಚನೆ ಬದಲಾದಾಗ ಮಾತ್ರ. ದೊಡ್ಡ ಬೀಳುವಿಕೆ ತೆರೆಯಾಚೆ ಆಗುತ್ತದೆ: ಸದ್ದು ಕೇಳುತ್ತದೆ, ಕ್ಯಾಮೆರಾ ಅದುರುತ್ತದೆ, ನೋಡುವವನ ಮುಖ ಕಾಣಿಸುತ್ತದೆ. ನಾನು ಮಾಡಿದ ತಪ್ಪು ಇದು. ಚಿತ್ರ ಉಳಿಸಬೇಕು ಅಂತ ಎಲ್ಲವನ್ನೂ ಒಂದೇ ಸಮ ನಿಲ್ಲಿಸಿಬಿಟ್ಟಿದ್ದೆ. ಅವರು ಯಾವುದು ಅಲ್ಲಾಡಬೇಕು ಅಂತ ಆರಿಸಿ, ಉಳಿದದ್ದನ್ನು ನಿಲ್ಲಿಸಿದ್ದರು. ಆರು ರೆಪ್ಪೆಯ ಹಾಳೆ, ನಾಲ್ಕು ತಲೆಯ ಹಾಳೆ ಹೊಸದಾಗಿ ಬರೆದೆ. ಹತ್ತೇ ಹಾಳೆ. ನಾಯಿ ಉಸಿರಾಡಿತು.

ಗ್ರೇಟ್ ಡೇನ್ ತಳಿಯ ನಾಯಿ ಸ್ಕೂಬಿಯನ್ನು ರೂಪಿಸಿದ ಇವಾವೊ ತಕಮೊಟೊ ಅವರ ಬದುಕಿನ ಬಗ್ಗೆಯೂ ಆ ದಿನಗಳಲ್ಲೇ ಓದಿದ್ದು. ಎರಡನೇ ಮಹಾಯುದ್ಧದಲ್ಲಿ ಜಪಾನೀ ಮೂಲದವರು ಅಂತ ಅವರ ಕುಟುಂಬವನ್ನು ಕ್ಯಾಲಿಫೋರ್ನಿಯಾದ ಮನ್ಜನಾರ್ ಶಿಬಿರದಲ್ಲಿ ಕೂಡಿಹಾಕಿದ್ದರು. ಅಲ್ಲಿದ್ದ ಕಲಾವಿದರಿಂದಲೇ ಹುಡುಗ ಚಿತ್ರ ಕಲಿತ. ಮುಂದೆ ಡಿಸ್ನಿಯಲ್ಲಿ ಕೆಲಸ, 1961ರಲ್ಲಿ ಹ್ಯಾನಾ-ಬಾರ್ಬೆರಾ. ಗ್ರೇಟ್ ಡೇನ್ ನಾಯಿ ಹೇಗಿದ್ದರೆ ಬಹುಮಾನ ಬರುತ್ತೆ ಅಂತ ಆ ತಳಿ ಸಾಕುವ ಸಹೋದ್ಯೋಗಿಯನ್ನು ಕೇಳಿ ತಿಳಿದುಕೊಂಡರು. ನೆಟ್ಟಗಿನ ಬೆನ್ನು, ನೆಟ್ಟಗಿನ ಕಾಲು, ಚಿಕ್ಕ ಗದ್ದ. ಆಮೇಲೆ ಎಲ್ಲವನ್ನೂ ಉಲ್ಟಾ ಬರೆದರು. ಬಾಗಿದ ಬೆನ್ನು, ಸೊಟ್ಟ ಕಾಲು, ದೊಡ್ಡ ಗದ್ದ. 1969ರ ಸೆಪ್ಟೆಂಬರಿನಲ್ಲಿ ಆ ಹೆದರುಪುಕ್ಕ ನಾಯಿ ಸಿಬಿಎಸ್ ಟಿವಿಯಲ್ಲಿ ಬಂತು. ಅದಕ್ಕೂ ಒಂದು ಕೊರಳಪಟ್ಟಿ ಇದೆ, ನೋಡಿ.

ಆ ಸ್ಟುಡಿಯೊದ ಎಲ್ಲ ಕೆಲಸವೂ ಒಳ್ಳೆಯದು ಅಂತ ನಾನು ಹೇಳಲ್ಲ. ಎಪ್ಪತ್ತರ ದಶಕದಲ್ಲಿ ಸರಣಿಗಳು ಜಾಸ್ತಿಯಾದವು, ಒಂದರ ಅಚ್ಚಿನಲ್ಲೇ ಇನ್ನೊಂದು ತೆಗೆದ ಹಾಗೆ. ಉಪಾಯವಾಗಿದ್ದದ್ದು ಅಭ್ಯಾಸವಾಯಿತು. ಚಿತ್ರ ಬರೆಯುವ ಕೆಲಸ ಆಸ್ಟ್ರೇಲಿಯಾ, ತೈವಾನ್‌ಗೆ ಹೋಗತೊಡಗಿತು. ಇದನ್ನು ವಿರೋಧಿಸಿ 1982ರಲ್ಲಿ ಲಾಸ್ ಏಂಜಲಿಸ್‌ನ ಅನಿಮೇಷನ್ ಕೆಲಸಗಾರರು ಮುಷ್ಕರ ಹೂಡಿದರು. ಕೆಲಸ ಹೊರಗೆ ಹೋಗುವುದು ನಿಲ್ಲಲಿಲ್ಲ. ಅದೇ ದಶಕದಲ್ಲಿ ಮಾರ್ಕ್ ಲೆವಾಯ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕಂಪ್ಯೂಟರ್ ವ್ಯವಸ್ಥೆ ಸ್ಟುಡಿಯೊಗೆ ಬಂದು ಬಣ್ಣ ತುಂಬತೊಡಗಿತು. 1991ರಲ್ಲಿ ಟರ್ನರ್ ಕಂಪನಿ ಇಡೀ ಸ್ಟುಡಿಯೊವನ್ನು ಕೊಂಡಿತು. ಮರುವರ್ಷ ಅಕ್ಟೋಬರ್ 1ಕ್ಕೆ ಕಾರ್ಟೂನ್ ನೆಟ್‌ವರ್ಕ್ ಶುರುವಾದಾಗ ದಿನವಿಡೀ ತುಂಬಿಸಲು ಆ ಹಳೆಯ ಕಂತುಗಳಿದ್ದವು. 2001ರಲ್ಲಿ ಹ್ಯಾನಾ ತೀರಿಕೊಂಡರು. ಅದೇ ವರ್ಷ ಸ್ಟುಡಿಯೊ ವಾರ್ನರ್ ಬ್ರದರ್ಸ್ ಅನಿಮೇಷನ್‌ನೊಳಗೆ ಸೇರಿಹೋಯಿತು. 2006ರಲ್ಲಿ ಬಾರ್ಬೆರಾ ಕೂಡ ಹೋದರು.

ಫೋಟೊ ತೆಗೆಯಲು ಮೂರು ರಾತ್ರಿ ಹಿಡಿಯಿತು. ಮೇಜಿನ ಮೇಲೆ ಹಿನ್ನೆಲೆ, ಅದರ ಮೇಲೆ ಮೈ, ತಲೆ, ಬಾಯಿ, ಎಲ್ಲಕ್ಕೂ ಮೇಲೆ ಒಂದು ಗಾಜು. ಮೇಲಿಂದ ಮೊಬೈಲ್. ಶೀಟ್ ನೋಡಿ ಬಾಯಿ ಬದಲಿಸು, ಗಾಜು ಇಡು, ಕ್ಲಿಕ್. ಗಾಜು ಎತ್ತು, ಧೂಳು ಒರೆಸು. ಅಕ್ಕ ಪಕ್ಕದಲ್ಲಿ ಕೂತು ಸಾಲು ಓದಿ ಹೇಳಿದಳು. "ಮುನ್ನೂರ ಹನ್ನೆರಡು, ಓ. ಮುನ್ನೂರ ಹದಿನಾಲ್ಕು, ಮುಚ್ಚಿದ್ದು. ಹದಿನಾರು, ಅದೇ ಇರ್ಲಿ ಕಣೋ, ತೆಗೀಬೇಡ." ಎರಡನೇ ರಾತ್ರಿಯ ಹೊತ್ತಿಗೆ ಶೀಟ್ ನೋಡದೆಯೇ ಅವಳಿಗೆ ಬಾಯಿ ಯಾವುದು ಅಂತ ಗೊತ್ತಾಗುತ್ತಿತ್ತು.

ಎಲ್ಲ ಮುಗಿದ ಮೇಲೆ ಹಾಳೆ ಎಣಿಸಿದೆ. 97, ಜೊತೆಗೆ ಮೂರು ಹಿನ್ನೆಲೆ. ಹಳೆಯ ಲೆಕ್ಕದಲ್ಲಿ ಎರಡು ಪಾತ್ರಕ್ಕೆ 1,392 ಆಗಬೇಕಿತ್ತು.

ಹುಟ್ಟುಹಬ್ಬದ ಸಂಜೆ ದೀಪ ಆರಿಸಿ ಗೋಡೆಯ ಮೇಲೆ ಹಾಕಿದೆವು. ಮೊದಲ ಸಲ ಹುಡುಗಿ ಏನೂ ಮಾತಾಡದೆ ನೋಡಿದಳು. "ಇನ್ನೊಂದ್ಸಲ ಹಾಕು ಮಾಮ" ಅಂದಳು. ಎರಡನೇ ಸಲ ನಾನು ಗೋಡೆ ನೋಡಲಿಲ್ಲ, ಅವಳ ಮುಖ ನೋಡಿದೆ. ದನಿ ತೆಗೆಯದೆ ನಾಯಿಯ ಜೊತೆ ತುಟಿ ಆಡಿಸುತ್ತಿದ್ದಳು. "ಮರೆತೇ ಹೋಯ್ತ" ಆದ ಮೇಲೆ ತುಟಿ ಮುಚ್ಚಿತು, ಒಂದು ಗಳಿಗೆ ಹಾಗೇ ನಿಂತಿತು, ಆಮೇಲೆ ತೆರೆಯಿತು.